ಚಪಾತಿ ಬಿಟ್ಟು ಎಂಟು ತಿಂಗಳಾದರೂ ವರದಿ ಸರಿಹೋಗಿಲ್ಲ, ಏಕೆ?

ಪ್ರಶ್ನೆ: ನಮ್ಮದು ಧಾರವಾಡ. 19 ವರ್ಷದ ಮಗಳಿಗೆ ಪಿಯುಸಿ ಓದುವಾಗಿನಿಂದಲೂ ರಕ್ತಹೀನತೆ. ಕಬ್ಬಿಣದ ಮಾತ್ರೆ ಎಷ್ಟು ನುಂಗಿದರೂ ಹಿಮೋಗ್ಲೋಬಿನ್ 8 ದಾಟುತ್ತಿರಲಿಲ್ಲ. ಕೊನೆಗೆ ಎಂಡೋಸ್ಕೋಪಿ ಮಾಡಿ, ಸಣ್ಣ ಕರುಳಿನ ತುಣುಕು ಪರೀಕ್ಷಿಸಿ ಸೀಲಿಯಾಕ್, ಅಂದರೆ ಗೋಧಿಯಂಥ ಧಾನ್ಯದಿಂದ ಕರುಳು ಸವೆಯುವ ಕಾಯಿಲೆ ಎಂದರು. ಅಂದಿನಿಂದ ಅವಳು ಚಪಾತಿ, ರವೆ, ಮೈದಾ, ಬ್ರೆಡ್ಡು ಮುಟ್ಟಿಲ್ಲ. ಜೋಳದ ರೊಟ್ಟಿ, ಅನ್ನವೇ ಊಟ. ಹಿಮೋಗ್ಲೋಬಿನ್ ಈಗ 11. ಆದರೆ ರಕ್ತಪರೀಕ್ಷೆಯಲ್ಲಿ 200ಕ್ಕಿಂತ ಹೆಚ್ಚು ಎಂದಿದ್ದ ಟಿಟಿಜಿ ಎಂಟು ತಿಂಗಳ ನಂತರವೂ 74 ಇದೆ, 15ರೊಳಗೆ ಇರಬೇಕಂತೆ. ಅವಳು ಹೊರಗೆ ಕದ್ದು ತಿನ್ನುತ್ತಿರಬಹುದು ಎಂದು ಮನೆಯವರ ಅನುಮಾನ. ಖಪ್ಲಿ ಗೋಧಿ ತಿಂದರೆ ಏನೂ ಆಗುವುದಿಲ್ಲ, ಒಂದು ಚಿಟಿಕೆ ಪ್ರಸಾದಕ್ಕೆ ದೋಷವಿಲ್ಲ ಎನ್ನುವವರೂ ಇದ್ದಾರೆ. ಜೂನ್‌ನಲ್ಲಿ ಅವಳು ಓದಲು ಪುಣೆಗೆ ಹೋಗುತ್ತಾಳೆ. ಏನು ಮಾಡಬೇಕು? 14 ವರ್ಷದ ತಮ್ಮನಿಗೂ ಪರೀಕ್ಷೆ ಬೇಕೇ?

ಉತ್ತರ: ಮಗಳ ಮೇಲಿನ ಅನುಮಾನವನ್ನು ಇವತ್ತೇ ಬಿಟ್ಟುಬಿಡಿ. ನೀವು ಕೊಟ್ಟಿರುವ ಅಂಕಿಗಳು ಅವಳ ಪರವಾಗಿಯೇ ಸಾಕ್ಷಿ ಹೇಳುತ್ತಿವೆ. ಕದ್ದು ಸಮೋಸಾ, ಬಿಸ್ಕೆಟ್ ತಿನ್ನುವವರ ಹಿಮೋಗ್ಲೋಬಿನ್ ಎಂಟರಿಂದ ಹನ್ನೊಂದಕ್ಕೆ ಏರುವುದು ಅಪರೂಪ. ಕರುಳು ಕಬ್ಬಿಣವನ್ನು ಮತ್ತೆ ಹೀರಿಕೊಳ್ಳತೊಡಗಿದೆ ಎಂಬುದಕ್ಕೆ ಅದೇ ಗುರುತು.

ಟಿಟಿಜಿ ಪರೀಕ್ಷೆ ಅಳೆಯುವುದು ಒಂದು ಪ್ರತಿಕಾಯವನ್ನು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದಾಗಲೆಲ್ಲ ಈ ಕಾಯಿಲೆ ಇರುವವರ ದೇಹ ತನ್ನದೇ ಕಿಣ್ವವೊಂದರ ವಿರುದ್ಧ ಆ ಪ್ರತಿಕಾಯವನ್ನು ತಯಾರಿಸುತ್ತದೆ, ಸಣ್ಣ ಕರುಳಿನ ಒಳಪದರದ ಬೆರಳಿನಂಥ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಗ್ಲುಟೆನ್ ನಿಂತ ಮರುದಿನವೇ ಪ್ರತಿಕಾಯ ಮಾಯವಾಗುವುದಿಲ್ಲ. ಆರಂಭದಲ್ಲಿ ಬಹಳ ಹೆಚ್ಚಿದ್ದವರಲ್ಲಿ ಸಹಜ ಮಟ್ಟಕ್ಕೆ ಬರಲು ಒಂದು ವರ್ಷ, ಕೆಲವೊಮ್ಮೆ ಎರಡು ವರ್ಷವೇ ಹಿಡಿಯುತ್ತದೆ. ಇನ್ನೊಂದು ಸೂಕ್ಷ್ಮವಿದೆ. "200ಕ್ಕಿಂತ ಹೆಚ್ಚು" ಎಂದರೆ ಆ ಯಂತ್ರದ ಅಳತೆ ಅಲ್ಲಿಗೆ ಮುಗಿಯಿತು ಎಂದರ್ಥ, ನಿಜವಾದ ಅಂಕಿ 300 ಇತ್ತೋ 800 ಇತ್ತೋ ಆ ವರದಿಯಿಂದ ಹೇಳಲಾಗದು. ಹಾಗಾಗಿ ಇಳಿತ ನೀವು ಅಂದುಕೊಂಡಿದ್ದಕ್ಕಿಂತ ದೊಡ್ಡದಿರಬಹುದು. ಎರಡೂ ಪರೀಕ್ಷೆ ಒಂದೇ ಪ್ರಯೋಗಾಲಯದ್ದೇ ಎಂದೂ ನೋಡಿಕೊಳ್ಳಿ. ಬೇರೆ ಬೇರೆ ಕಿಟ್‌ಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವಂತಿಲ್ಲ.

ಆದರೂ 74 ಎಂಬುದನ್ನು ಪೂರ್ತಿಯಾಗಿ ಕಾಲದ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ನಿಮ್ಮ ಪತ್ರದಲ್ಲಿ ಅವಳು ಏನು ತಿನ್ನುವುದಿಲ್ಲ ಎಂಬುದು ಪಟ್ಟಿಯಾಗಿ ಬಂದಿದೆ. ಅವಳು ತಿನ್ನುವ ಜೋಳದ ಹಿಟ್ಟು ಎಲ್ಲಿ ಬೀಸಿದ್ದು ಎಂಬುದು ಬಂದಿಲ್ಲ. ನನ್ನ ಅನುಮಾನವೆಲ್ಲ ಅಲ್ಲಿದೆ.

ಲೆಕ್ಕ ಹಾಕಿ ನೋಡೋಣ. ಗೋಧಿ ಹಿಟ್ಟಿನ ತೂಕದಲ್ಲಿ ನೂರಕ್ಕೆ ಸುಮಾರು ಎಂಟು-ಒಂಬತ್ತು ಪಾಲು ಗ್ಲುಟೆನ್. 30 ಗ್ರಾಂ ಹಿಟ್ಟಿನ ಒಂದು ಸಣ್ಣ ಚಪಾತಿಯಲ್ಲಿ ಎರಡೂವರೆ ಗ್ರಾಂ, ಅಂದರೆ 2,500 ಮಿಲಿಗ್ರಾಂ. ಇಟಲಿಯ ವೈದ್ಯರು 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಸೀಲಿಯಾಕ್ ಇದ್ದವರಿಗೆ ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಅನ್ನು ಕ್ಯಾಪ್ಸೂಲ್‌ನಲ್ಲಿ ಕೊಟ್ಟರು, ಮೂರು ತಿಂಗಳಲ್ಲಿ ಕರುಳಿಗೆ ಹಾನಿಯಾಗಿತ್ತು. ದಿನಕ್ಕೆ 10 ಮಿಲಿಗ್ರಾಂ ಮಟ್ಟದಲ್ಲಿ ಸ್ಪಷ್ಟ ಹಾನಿ ಕಾಣಲಿಲ್ಲ. ಐವತ್ತು ಮಿಲಿಗ್ರಾಂ ಎಂದರೆ ಆ ಸಣ್ಣ ಚಪಾತಿಯ ಐವತ್ತನೆಯ ಒಂದು ಭಾಗ.

ಈಗ ಓಣಿಯ ಗಿರಣಿಗೆ ಹೋಗಿ. ನಿಮಗಿಂತ ಮುಂಚೆ ಯಾರೋ ಹತ್ತು ಕಿಲೋ ಗೋಧಿ ಬೀಸಿಕೊಂಡು ಹೋಗಿದ್ದಾರೆ. ಕಲ್ಲಿನ ಸಂದಿಯಲ್ಲಿ, ಹಿಟ್ಟು ಇಳಿಯುವ ಚೀಲದಲ್ಲಿ ನೂರು ಗ್ರಾಂ ಗೋಧಿ ಹಿಟ್ಟು ಉಳಿದಿದೆ ಎಂದುಕೊಳ್ಳಿ. ಗಿರಣಿ ನೋಡಿದವರಿಗೆ ಇದು ಅತಿಶಯೋಕ್ತಿ ಎನಿಸದು. ಆ ನೂರು ಗ್ರಾಂ ನಿಮ್ಮ ಐದು ಕಿಲೋ ಜೋಳದ ಹಿಟ್ಟಿಗೆ ಸೇರಿದರೆ ನೂರಕ್ಕೆ ಎರಡು ಪಾಲು. ಮಗಳು ದಿನಕ್ಕೆ ಎರಡು-ಮೂರು ರೊಟ್ಟಿ, ಅಂದಾಜು ನೂರೈವತ್ತು ಗ್ರಾಂ ಹಿಟ್ಟು ತಿಂದರೆ ಮೂರು ಗ್ರಾಂ ಗೋಧಿ ಹಿಟ್ಟು ಒಳಗೆ ಹೋಯಿತು. ಅದರಲ್ಲಿ 250 ಮಿಲಿಗ್ರಾಂ ಗ್ಲುಟೆನ್ ಇರುತ್ತದೆ. ಇಟಲಿಯ ಪ್ರಯೋಗದಲ್ಲಿ ಹಾನಿ ಮಾಡಿದ್ದರ ಐದು ಪಟ್ಟು, ಅದೂ ದಿನ ತಪ್ಪದೆ. ಅವಳು ಚಪಾತಿಯ ಕಡೆ ತಿರುಗಿಯೂ ನೋಡಿಲ್ಲ, ರೊಟ್ಟಿಯೊಳಗೆ ಚಪಾತಿಯ ಹತ್ತನೆಯ ಒಂದು ಭಾಗ ತಿಂದಿದ್ದಾಳೆ.

ಗೋಧಿ ಜೋಳಕ್ಕೆ ಸೇರುವುದು ಗಿರಣಿಯಲ್ಲಿ ಮಾತ್ರವೂ ಅಲ್ಲ. ನಿಮ್ಮ ಭಾಗದಲ್ಲಿ ಹಿಂಗಾರಿಗೆ ಜೋಳವೂ ಗೋಧಿಯೂ ಅಕ್ಕಪಕ್ಕದ ಹೊಲಗಳಲ್ಲಿ ಬೆಳೆಯುತ್ತವೆ, ಅದೇ ಯಂತ್ರದಲ್ಲಿ ಒಕ್ಕಣೆಯಾಗುತ್ತವೆ, ಅದೇ ಚೀಲಗಳಲ್ಲಿ ಮಾರುಕಟ್ಟೆಗೆ ಬರುತ್ತವೆ. ಆದ್ದರಿಂದ ಹಿಟ್ಟು ಕೊಳ್ಳಬೇಡಿ, ಕಾಳು ಕೊಳ್ಳಿ. ಜೋಳದ ದುಂಡು ಕಾಳಿನ ನಡುವೆ ಗೋಧಿಯ ಉದ್ದ ಕಾಳು ಕಣ್ಣಿಗೆ ಬೀಳುತ್ತದೆ. ಮೊರದಲ್ಲಿ ಹಾಕಿ ಆರಿಸಿ, ತೊಳೆದು, ಒಣಗಿಸಿ. ಹಿಟ್ಟಾದ ಮೇಲೆ ಯಾವ ಕಣ್ಣಿಗೂ ಅದು ಕಾಣುವುದಿಲ್ಲ.

ಬೀಸುವುದಕ್ಕೆ ಒಳ್ಳೆಯ ದಾರಿ ಮನೆಯಲ್ಲೇ ಇಡುವ ಸಣ್ಣ ವಿದ್ಯುತ್ ಗಿರಣಿ. ಸಾವಿರಗಟ್ಟಲೆ ರೂಪಾಯಿಯ ಮಾತು, ನಿಜ. ಆದರೆ ವರ್ಷಗಟ್ಟಲೆ ಗ್ಲುಟೆನ್‌ರಹಿತ ಹಿಟ್ಟಿನ ಪೊಟ್ಟಣ ಕೊಳ್ಳುವುದಕ್ಕಿಂತ ಕಡಿಮೆಗೆ ಬೀಳುತ್ತದೆ. ಅದರಲ್ಲಿ ಒಮ್ಮೆಯೂ ಗೋಧಿ ಹಾಕಬಾರದು, ನೆಂಟರು ಬಂದಾಗಲೂ. ಸಾಧ್ಯವಿಲ್ಲದಿದ್ದರೆ ರಾಗಿ, ಅಕ್ಕಿ ಮಾತ್ರ ಬೀಸುವ ಗಿರಣಿ ಸಿಗುತ್ತದೆಯೇ ಹುಡುಕಿ. ಇದ್ದ ಗಿರಣಿಯಲ್ಲೇ ಮೊದಲು ಎರಡು ಕಿಲೋ ಅಕ್ಕಿ ಬೀಸಿ ಆ ಹಿಟ್ಟನ್ನು ಮನೆಯ ಉಳಿದವರಿಗೆ ಇಟ್ಟುಕೊಂಡು ನಂತರ ಜೋಳ ಹಾಕಿಸುವುದು ಏನೂ ಇಲ್ಲದ್ದಕ್ಕಿಂತ ವಾಸಿ, ಅಷ್ಟೇ. ಅದನ್ನು ಪರಿಹಾರ ಎಂದು ನಾನು ಕರೆಯಲಾರೆ.

ಇನ್ನು ಅಡುಗೆಮನೆ. ಮನೆಯ ಉಳಿದವರು ಚಪಾತಿ ತಿನ್ನುತ್ತಿದ್ದರೆ ಲಟ್ಟಣಿಗೆ, ಮಣೆ, ಜರಡಿ, ರೊಟ್ಟಿ ಸುತ್ತಿಡುವ ಬಟ್ಟೆ, ಹಂಚು ಇವು ಅವಳಿಗೆ ಬೇರೆಯೇ ಬೇಕು. ಸ್ಟೀಲಿನ ಪಾತ್ರೆ, ತಟ್ಟೆ, ಕುಕ್ಕರು ಚೆನ್ನಾಗಿ ತೊಳೆದರೆ ಸಾಕು. ಹೊಸ ಸಂಸಾರ ಹೂಡಬೇಕಿಲ್ಲ. ಅವಳ ರೊಟ್ಟಿ ಮೊದಲು ಬಡಿದು ಮುಚ್ಚಿಟ್ಟು ಆಮೇಲೆ ಚಪಾತಿ ಹಿಟ್ಟು ತೆಗೆಯಿರಿ, ಹಾರುವ ಹಿಟ್ಟು ಎಲ್ಲದರ ಮೇಲೂ ಕೂರುತ್ತದೆ. ಪೂರಿ ಕರಿದ ಎಣ್ಣೆಯಲ್ಲಿ ಅವಳ ಹಪ್ಪಳ ಕರಿಯಬೇಡಿ.

ಇಂಗಿನ ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ಅಂಗಡಿಯಲ್ಲಿ ಸಿಗುವ ಇಂಗು ಶುದ್ಧ ಇಂಗಲ್ಲ. ಅಂಟಿನ ಜೊತೆ ಮೈದಾ ಅಥವಾ ಅಕ್ಕಿ ಹಿಟ್ಟು ಬೆರೆಸಿ ತಯಾರಿಸಿದ್ದು. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಒಂದು ಪಾತ್ರೆ ಸಾರಿಗೆ ಹಾಕುವ ಚಿಟಿಕೆ ಇಂಗಿನಿಂದ ಅವಳ ಪಾಲಿಗೆ ಬರುವ ಗ್ಲುಟೆನ್ ಕೆಲವೇ ಮಿಲಿಗ್ರಾಂ, ಗಿರಣಿಯ ಲೆಕ್ಕದ ಮುಂದೆ ಅದು ಏನೂ ಅಲ್ಲ. ಆದರೆ ಸಾರು, ಮಜ್ಜಿಗೆ, ಉಪ್ಪಿನಕಾಯಿ, ಚಟ್ನಿಪುಡಿ ಎಲ್ಲದರಲ್ಲೂ ಇಂಗು ಬೀಳುವ ನಮ್ಮ ಅಡುಗೆಯಲ್ಲಿ ಆ ಕೆಲವೇ ಮಿಲಿಗ್ರಾಂ ದಿನಕ್ಕೆ ನಾಲ್ಕು ಸಲ ಬರುತ್ತದೆ. ಅಕ್ಕಿ ಹಿಟ್ಟಿನಲ್ಲಿ ಮಾಡಿದ ಇಂಗು ಸುಲಭವಾಗಿ ಸಿಗುವಾಗ ಮೈದಾದ ಇಂಗನ್ನು ಉಳಿಸಿಕೊಳ್ಳುವುದಕ್ಕೆ ಕಾರಣವಿಲ್ಲ. ಸಿದ್ಧ ಸಾಂಬಾರ್ ಪುಡಿ, ಬಿಸಿಬೇಳೆ ಭಾತ್ ಪುಡಿಗಳಿಗೂ ಇದೇ ಮಾತು.

ಪೊಟ್ಟಣದ ಆಹಾರದಲ್ಲಿ ಗೋಧಿಗಿಂತ ಬಾರ್ಲಿ ಹೆಚ್ಚು ಮೋಸ ಮಾಡುತ್ತದೆ, ಏಕೆಂದರೆ ಅದು ಮಾಲ್ಟ್ ಎಂಬ ವೇಷದಲ್ಲಿ ಬರುತ್ತದೆ. ಹಾಲಿಗೆ ಹಾಕುವ ಜನಪ್ರಿಯ ಮಾಲ್ಟ್ ಪುಡಿಗಳಲ್ಲಿ ಬಾರ್ಲಿ, ಕೆಲವದರಲ್ಲಿ ಗೋಧಿಯೂ ಇರುತ್ತದೆ. ರಕ್ತ ಕಡಿಮೆ ಇದೆ, ಶಕ್ತಿ ಬರಲಿ ಎಂದು ಇದೇ ಮಕ್ಕಳಿಗೆ ಇದನ್ನೇ ಕುಡಿಸುತ್ತಾರೆ! ಮೊಳಕೆ ಕಟ್ಟಿದ ರಾಗಿಯಿಂದ ಮನೆಯಲ್ಲಿ ಮಾಡಿದ ರಾಗಿ ಮಾಲ್ಟ್ ಉತ್ತಮ, ಅಂಗಡಿಯದಾದರೆ ಪದಾರ್ಥಗಳ ಪಟ್ಟಿ ಓದಿ. ಗೋಬಿ ಮಂಚೂರಿಯಲ್ಲಿ ಮೈದಾ ಒಂದೇ ಅಲ್ಲ, ಸೋಯಾ ಸಾಸ್‌ನಲ್ಲೂ ಗೋಧಿ ಇರುತ್ತದೆ. ನಮ್ಮ ದೇಶದ ನಿಯಮದ ಪ್ರಕಾರ ಗ್ಲುಟೆನ್‌ರಹಿತ ಎಂದು ಬರೆಯಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರುವಂತಿಲ್ಲ. ಕಡಿಮೆ ಗ್ಲುಟೆನ್ ಎಂದು ಬರೆದದ್ದರಲ್ಲಿ 100ರವರೆಗೂ ಇರಬಹುದು, ಅದು ಅವಳಿಗಲ್ಲ. ಗೋಧಿ ಇಲ್ಲ ಎಂದಷ್ಟೇ ಬರೆದಿದ್ದರೆ ಬಾರ್ಲಿ ಇರಬಹುದು. ಓಟ್ಸ್ ಸದ್ಯಕ್ಕೆ ಬೇಡ. ನಮ್ಮಲ್ಲಿ ಸಿಗುವ ಸಾಮಾನ್ಯ ಓಟ್ಸ್‌ನಲ್ಲಿ ಗೋಧಿ-ಬಾರ್ಲಿಯ ಬೆರಕೆ ಹೆಚ್ಚು. ಟಿಟಿಜಿ ಸಹಜವಾದ ಮೇಲೆ, ಗ್ಲುಟೆನ್‌ರಹಿತ ಎಂದು ಪ್ರಮಾಣಿತವಾದ ಓಟ್ಸ್ ಅನ್ನು ವೈದ್ಯರಿಗೆ ತಿಳಿಸಿ ಪ್ರಯತ್ನಿಸಬಹುದು.

ಖಪ್ಲಿ ಗೋಧಿಯ ಬಗ್ಗೆ ಕೇಳಿದ್ದೀರಿ. ನಿಮ್ಮ ಕಡೆ ಸದಕ, ಜವೆ ಗೋಧಿ ಎಂದೂ ಕರೆಯುವ ಅದು ಹಳೆಯ ತಳಿ, ರುಚಿಯೂ ಚೆನ್ನ, ಆದರೆ ಅದೂ ಗೋಧಿಯೇ. ಅದರಲ್ಲೂ ಗ್ಲುಟೆನ್ ಇದೆ. ಈ ಕಾಯಿಲೆ ಹೊಸ ತಳಿಗಳಿಂದ ಬಂದದ್ದು ಎಂಬ ಮಾತು ಮೊಬೈಲಿನಲ್ಲಿ ಓಡಾಡುತ್ತಿದೆ. ಇಟಲಿಯ ಕೋಸಾ ಎಂಬ ಪುರಾತನ ಊರಿನಲ್ಲಿ ಕ್ರಿಸ್ತಶಕ ಒಂದನೆಯ ಶತಮಾನದ ಯುವತಿಯೊಬ್ಬಳ ಅಸ್ಥಿಪಂಜರ ಸಿಕ್ಕಿತು. ವಯಸ್ಸು ಹೆಚ್ಚುಕಡಿಮೆ ನಿಮ್ಮ ಮಗಳದ್ದೇ. ಮೈಮೇಲೆ ಚಿನ್ನದ ಒಡವೆ ಇದ್ದವು, ಅಂದರೆ ಉಳ್ಳವರ ಮನೆಯವಳು. ಆದರೂ ಮೂಳೆಗಳಲ್ಲಿ ಅಪೌಷ್ಟಿಕತೆಯ ಗುರುತುಗಳಿದ್ದವು. ಡಿಎನ್‌ಎ ಪರೀಕ್ಷಿಸಿದಾಗ ಸೀಲಿಯಾಕ್‌ಗೆ ದಾರಿ ಮಾಡುವ ಡಿಕ್ಯೂ2 ಜೀನ್ ಕಂಡಿತು. ಅವಳಿಗೆ ಸೀಲಿಯಾಕ್ ಇತ್ತೆಂದು ಸಂಶೋಧಕರು ಊಹಿಸಿದ್ದಾರೆ. ಅವಳು ತಿಂದದ್ದು ಹಸಿರು ಕ್ರಾಂತಿಯ ಗೋಧಿಯಂತೂ ಅಲ್ಲ.

ಆ ಜೀನ್ ನಮ್ಮಲ್ಲೂ ಅಪರೂಪವಲ್ಲ. ದೇಶದ ಮೂರು ಭಾಗಗಳಲ್ಲಿ 23,000ಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸೀಲಿಯಾಕ್ ಉತ್ತರದಲ್ಲಿ ನೂರಕ್ಕೆ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10 ಮಂದಿಗೆ ಇತ್ತು. ಜೀನ್ ಇದ್ದವರ ಪಾಲು ಉತ್ತರದಲ್ಲೂ ದಕ್ಷಿಣದಲ್ಲೂ ಹೆಚ್ಚುಕಡಿಮೆ ಒಂದೇ, ಮೂರರಲ್ಲಿ ಒಬ್ಬರಿಗಿಂತ ತುಸು ಹೆಚ್ಚು. ವ್ಯತ್ಯಾಸವಿದ್ದದ್ದು ಗೋಧಿಯಲ್ಲಿ: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ತಿಂದರೆ ದಕ್ಷಿಣದವರು 25 ಗ್ರಾಂ. ಆದರೆ ಈಶಾನ್ಯದವರು ತಿನ್ನುತ್ತಿದ್ದುದೂ 37 ಗ್ರಾಂ ಮಾತ್ರ, ಆದ್ದರಿಂದ ಗೋಧಿಯ ಪ್ರಮಾಣ ಒಂದರಿಂದಲೇ ಎಲ್ಲವೂ ವಿವರವಾಗುವುದಿಲ್ಲ. ಈ ದಕ್ಷಿಣದ ಅಂಕಿಯನ್ನು ನಂಬಿಕೊಂಡು ನಮ್ಮ ವೈದ್ಯರು ಸೀಲಿಯಾಕ್ ನಮ್ಮ ಕಾಯಿಲೆಯಲ್ಲ ಎಂದು ಕುಳಿತಿದ್ದೇವೆ. ಅತ್ತ ಸಕ್ಕರೆ ಕಾಯಿಲೆಯ ಹೆದರಿಕೆಗೆ ರಾತ್ರಿ ಅನ್ನ ಬಿಟ್ಟು ಚಪಾತಿಗೆ ತಿರುಗಿದ ಮನೆಗಳೆಷ್ಟು! ಉತ್ತರ ಕರ್ನಾಟಕದ ಊಟವಂತೂ ಮೊದಲಿನಿಂದಲೂ ಗೋಧಿಗೆ ದೂರವಲ್ಲ. ಮಾತ್ರೆಗೆ ಬಗ್ಗದ ರಕ್ತಹೀನತೆ ಇರುವ ಪ್ರತಿ ಹುಡುಗಿಗೂ ಮುಟ್ಟಿನ ಕಾರಣ ಹೇಳಿ ಕಳುಹಿಸುವ ಮುನ್ನ ಒಂದು ಟಿಟಿಜಿ ಮಾಡಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಸಾದದ ಚಿಟಿಕೆ ಎಷ್ಟು ಎಂಬುದನ್ನು ಮೇಲಿನ ಲೆಕ್ಕವೇ ಹೇಳಿದೆ. ಸತ್ಯನಾರಾಯಣ ಪೂಜೆಯ ಸಪಾದ ಗೋಧಿ ರವೆಯದು. ಒಂದು ಚಮಚದಲ್ಲಿ ಐವತ್ತು ಮಿಲಿಗ್ರಾಂ ಎಂದೋ ದಾಟಿರುತ್ತದೆ. ಅವಳು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿ ತಮ್ಮನಿಗೆ ಕೊಡಲಿ. ಹಣ್ಣು, ತೀರ್ಥ, ಪಂಚಾಮೃತ ಅವಳ ಪಾಲಿಗಿರಲಿ. ತಿಂದಾಗ ಹೊಟ್ಟೆನೋವು ಬರಲಿಲ್ಲವಲ್ಲ ಎಂಬ ಸಮಾಧಾನ ಬೇಡ. ಇವಳಿಗೆ ಮೊದಲಿಂದಲೂ ಕಾಡಿದ್ದು ರಕ್ತಹೀನತೆ, ಹೊಟ್ಟೆನೋವಲ್ಲ. ಕರುಳು ಸದ್ದಿಲ್ಲದೆ ಸವೆಯಬಲ್ಲದು. ಉಪವಾಸದ ದಿನ ಅನ್ನ ಬಿಟ್ಟು ಉಪ್ಪಿಟ್ಟು ತಿನ್ನುವ ಮನೆಯಾದರೆ ಅವಳಿಗೆ ಅವಲಕ್ಕಿ ಅಥವಾ ಸಾಬೂದಾನಿ ಮಾಡಿ.

ಹಬ್ಬದಲ್ಲಿ ಕಳೆದುಕೊಳ್ಳುವುದು ಇದೆ, ಇಲ್ಲ ಎನ್ನಲಾರೆ. ಹೋಳಿಗೆಯ ಕಣಕ, ಕರಿಗಡುಬು, ಮಾದ್ಲಿ, ಶ್ಯಾವಿಗೆ ಪಾಯಸ ಎಲ್ಲ ಗೋಧಿ, ಮೈದಾ. ಕೋಡುಬಳೆ, ನಿಪ್ಪಟ್ಟಿಗೂ ಮೈದಾ, ಚಿರೋಟಿ ರವೆ ಬೀಳುವುದುಂಟು. ಹೋಳಿಗೆ ತಟ್ಟುವ ಮುಂಚೆ ಹೂರಣವನ್ನು ಅವಳಿಗೆಂದು ಎತ್ತಿಟ್ಟು ತುಪ್ಪ ಹಾಕಿ ಕೊಡಿ. ಅಕ್ಕಿ ಹಿಟ್ಟಿನ ಕಡುಬಿಗೆ ಅದೇ ಹೂರಣ ತುಂಬಿದರೂ ಆಯಿತು. ಹೆಸರುಬೇಳೆ, ಗಸಗಸೆ, ಸಾಬೂದಾನಿ ಪಾಯಸಗಳಿವೆ. ನಿಮ್ಮೂರಿನ ಪೇಡೆ ಹಾಲು-ಸಕ್ಕರೆಯದು, ಗೋಕಾಕದ ಕರದಂಟು ಅಂಟು, ಬೆಲ್ಲ, ಒಣಹಣ್ಣಿನದು. ಅಂಗಡಿಯವರನ್ನು ಒಮ್ಮೆ ಕೇಳಿ ಖಚಿತ ಮಾಡಿಕೊಂಡರೆ ಅವಳು ಧೈರ್ಯವಾಗಿ ತಿನ್ನಬಹುದು.

ಜೋಳದ ರೊಟ್ಟಿ, ಅನ್ನ ಮಾತ್ರ ಎಂದು ಬರೆದಿರುವುದು ನನಗೆ ಅಷ್ಟು ಹಿಡಿಸಲಿಲ್ಲ. ರಾಗಿಯಲ್ಲಿ ನೂರು ಗ್ರಾಂಗೆ 340 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ಈ ಕಾಯಿಲೆಯಲ್ಲಿ ಮೂಳೆಗೆ ಅದೇ ಬೇಕು. ಸಜ್ಜೆ, ನವಣೆ, ಸಾಮೆ, ರಾಜಗಿರಿ, ಕಾಳು, ಸೊಪ್ಪು, ಮೊಸರು, ತಿನ್ನುವವರಾದರೆ ಮೊಟ್ಟೆ-ಮಾಂಸ ಎಲ್ಲವೂ ಸರದಿಯಲ್ಲಿ ಬರಲಿ. ಆರಂಭದಲ್ಲಿ ಹಾಲು ಕುಡಿದರೆ ಹೊಟ್ಟೆ ಉಬ್ಬುತ್ತಿದ್ದರೆ ಅದು ಸವೆದ ಕರುಳಿನ ತಾತ್ಕಾಲಿಕ ತೊಂದರೆ, ಕರುಳು ಚೇತರಿಸಿಕೊಂಡಂತೆ ಕಡಿಮೆಯಾಗುತ್ತದೆ. ದುಬಾರಿ ಗ್ಲುಟೆನ್‌ರಹಿತ ಬಿಸ್ಕೆಟ್, ಕೇಕುಗಳ ಬಹುಪಾಲು ಪಿಷ್ಟ, ಸಕ್ಕರೆ, ಕೊಬ್ಬು. ಅಪರೂಪಕ್ಕೆ ಸರಿ.

ಪುಣೆಯ ಬಗ್ಗೆ ನನಗಿರುವ ಚಿಂತೆ ವಸತಿನಿಲಯದ ಮೆಸ್. ಅಲ್ಲಿ ಪೋಳಿ, ಅಂದರೆ ಚಪಾತಿ, ಇಲ್ಲದ ಊಟವಿಲ್ಲ, ತಾಲಿಪೀಟಿನ ಭಾಜಣಿ ಹಿಟ್ಟಿಗೂ ಗೋಧಿ ಸೇರಿಸುವುದುಂಟು, ಭಾಕರಿ (ಅಲ್ಲಿನ ಜೋಳದ ರೊಟ್ಟಿ) ಸಿಕ್ಕರೂ ಅದರ ಹಿಟ್ಟಿಗೆ ಗಿರಣಿಯ ಕಥೆ ಅಲ್ಲೂ ಇದ್ದೇ ಇದೆ. ಮೆಸ್‌ನ ಅನ್ನ, ಮೊಸರು, ಹಣ್ಣು, ಬೇಯಿಸಿದ ಮೊಟ್ಟೆ ನಂಬಬಹುದು. ಸಾರಿನ ಇಂಗು, ಪಲ್ಯದ ಮಸಾಲೆ ಕೇಳಿ ತಿಳಿಯಬೇಕು. ಸಾಧ್ಯವಾದರೆ ಅಡುಗೆ ಮಾಡಿಕೊಳ್ಳಲು ಅವಕಾಶವಿರುವ ಕೋಣೆ ನೋಡಿ. ಒಂದು ವಿದ್ಯುತ್ ಕುಕ್ಕರು, ಮನೆಯಿಂದ ತಿಂಗಳಿಗೊಮ್ಮೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿ, ರಾಗಿ ಹಿಟ್ಟು ಹೋದರೆ ಅರ್ಧ ಯುದ್ಧ ಗೆದ್ದಂತೆ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ ಎಂಬುದು ಧಾರವಾಡದವರಿಗೆ ನಾನು ಹೇಳಬೇಕಾದದ್ದಲ್ಲ. ಮಾರುಕಟ್ಟೆಯಲ್ಲಿ ಕೊಂಡ ಖಡಕ್ ರೊಟ್ಟಿ ಮಾತ್ರ ಬೇಡ. ಹೋಟೆಲಿನಲ್ಲಿ ಇಡ್ಲಿ ಸಾಮಾನ್ಯವಾಗಿ ಸುರಕ್ಷಿತ, ರವೆ ಇಡ್ಲಿ ಅಲ್ಲ. ದೋಸೆ ಗರಿಗರಿಯಾಗಲೆಂದು ಕೆಲವರು ರವೆ, ಮೈದಾ ಸೇರಿಸುತ್ತಾರೆ, ಕೇಳಿಯೇ ತಿನ್ನಬೇಕು. ಅವಳೊಂದಿಗೆ ಇರುವ ಒಬ್ಬಿಬ್ಬರು ಗೆಳತಿಯರಿಗೆ ಕಾಯಿಲೆಯ ಹೆಸರು, ನಿಯಮ ಗೊತ್ತಿರಲಿ. ಮುಚ್ಚಿಟ್ಟರೆ ದಿನಾ ನೆಪ ಹುಡುಕುವ ಕಷ್ಟ ಅವಳದೇ. ಮುಂದೆ ಮದುವೆಯ ಮಾತು ಬಂದಾಗಲೂ ಹೀಗೆಯೇ: ಪಥ್ಯದಲ್ಲಿರುವ ಸೀಲಿಯಾಕ್ ಹೆಣ್ಣುಮಕ್ಕಳು ಎಲ್ಲರಂತೆ ಮಕ್ಕಳನ್ನು ಹೆರುತ್ತಾರೆ, ಬಚ್ಚಿಡುವಂಥದ್ದೇನಿಲ್ಲ.

ಹಿಟ್ಟಿನ ವ್ಯವಸ್ಥೆ ಬದಲಾಯಿಸಿದ ನಾಲ್ಕರಿಂದ ಆರು ತಿಂಗಳಿಗೆ ಅದೇ ಪ್ರಯೋಗಾಲಯದಲ್ಲಿ ಟಿಟಿಜಿ ಮಾಡಿಸಿ. ಜೊತೆಗೆ ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನಿನ ಅಳತೆ), ಬಿ12, ಫೋಲೇಟ್, ವಿಟಮಿನ್ ಡಿ, ಥೈರಾಯ್ಡ್ ನೋಡಲಿ. ಹಿಮೋಗ್ಲೋಬಿನ್ 11 ಆಯಿತೆಂದು ಕಬ್ಬಿಣ ನಿಲ್ಲಿಸಬೇಡಿ, ಫೆರಿಟಿನ್ ತುಂಬುವವರೆಗೆ ಬೇಕು. ಮೂಳೆ ಸಾಂದ್ರತೆಯ ಪರೀಕ್ಷೆ, ನ್ಯುಮೋಕಾಕಸ್ ಲಸಿಕೆಯ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಎಷ್ಟು ಜಾಗ್ರತೆ ವಹಿಸಿದರೂ ಅಂಕಿ 74ರಲ್ಲೇ ನಿಂತರೆ, ಅಥವಾ ತೂಕ ಇಳಿಯುವುದು, ಭೇದಿ ಶುರುವಾಗುವುದು ಕಂಡರೆ ಆಗ ಮತ್ತೆ ಎಂಡೋಸ್ಕೋಪಿಯ ಮಾತು. ಈಗ ಅದರ ಅಗತ್ಯ ನನಗೆ ಕಾಣುವುದಿಲ್ಲ.

ತಮ್ಮನಿಗೆ ಪರೀಕ್ಷೆ ಖಂಡಿತ ಬೇಕು, ನಿಮ್ಮಿಬ್ಬರಿಗೂ ಬೇಕು. ರೋಗಿಯ ತಂದೆತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ನೂರಕ್ಕೆ ಏಳೆಂಟು ಮಂದಿಗೆ ಈ ಕಾಯಿಲೆ ಇರುತ್ತದೆ, ಹಲವರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಟಿಟಿಜಿ ಐಜಿಎ, ಜೊತೆಗೆ ಒಟ್ಟು ಐಜಿಎ ಎಂದು ಬರೆಸಿ. ಐಜಿಎ ಎಂಬುದು ಪ್ರತಿಕಾಯಗಳ ಒಂದು ಬಗೆ, ಟಿಟಿಜಿ ಪರೀಕ್ಷೆ ಅಳೆಯುವುದು ಆ ಬಗೆಯದನ್ನೇ. ಹುಟ್ಟಿನಿಂದಲೇ ಐಜಿಎ ಕಡಿಮೆ ಇರುವವರಲ್ಲಿ ಮೊದಲನೆಯದೊಂದೇ ನೋಡಿದರೆ ಕಾಯಿಲೆ ತಪ್ಪಿಸಿಕೊಳ್ಳುತ್ತದೆ. ಅವನ ವರದಿ ಈಗ ಸಹಜ ಬಂದರೂ ಕೆಲವು ವರ್ಷಗಳ ನಂತರ ಮತ್ತೊಮ್ಮೆ ಮಾಡಿಸಬೇಕಾಗುತ್ತದೆ. ಜೀನ್ ಪರೀಕ್ಷೆಯಲ್ಲಿ ಡಿಕ್ಯೂ2, ಅದರಂಥದ್ದೇ ಇನ್ನೊಂದು ಜೀನ್ ಡಿಕ್ಯೂ8 ಎರಡೂ ಇಲ್ಲ ಎಂದಾದರೆ ಆ ತಾಪತ್ರಯವಿಲ್ಲ. ಪರೀಕ್ಷೆಯ ತನಕ ಅವನು ಎಂದಿನಂತೆ ಚಪಾತಿ ತಿನ್ನುತ್ತಿರಲೇಬೇಕು, ಗೋಧಿ ಬಿಟ್ಟವರ ರಕ್ತದಲ್ಲಿ ಪ್ರತಿಕಾಯ ಕಾಣದೇ ಹೋಗಬಹುದು. ಅಕ್ಕನ ಸಲುವಾಗಿ ಇಡೀ ಮನೆಯೇ ಗೋಧಿ ಬಿಡುವ ಯೋಚನೆ ಇದ್ದರೆ, ನಿಮ್ಮ ಮೂವರ ರಕ್ತ ಕೊಟ್ಟು ವರದಿ ಕೈಗೆ ಬಂದ ಮೇಲೆ ಬಿಡಿ.